ಜರ್ಬಿಲ್‌ಗೆ ಬಿಲದ ನೆಲ: ಅಗೆದ ಮೇಲೂ ಕುಸಿಯದಂತೆ ಕಟ್ಟಿಕೊಡುವ ಬಗೆ

ಮನೆಯವರೆಲ್ಲ ಮಲಗಿದ ಮೇಲೆ ಗಾಜಿನ ಪೆಟ್ಟಿಗೆಯ ಒಂದೇ ಮೂಲೆಯಿಂದ ಕರಕರ ಎಂಬ ಸದ್ದು ಬಿಟ್ಟೂ ಬಿಡದೆ ಬರುತ್ತಿದ್ದರೆ, ಒಳಗಿರುವ ಜರ್ಬಿಲ್, ಎಂದರೆ ಇಲಿಯನ್ನು ಹೋಲುವ ಪುಟ್ಟ ಸಾಕುಪ್ರಾಣಿ, ಆಟವಾಡುತ್ತಿದೆ ಎಂದು ತಿಳಿಯಬಾರದು. ಮುಂಗಾಲುಗಳಿಂದ ಗಾಜನ್ನು ಕೆರೆದು, ಕ್ಷಣ ನಿಂತು, ಮತ್ತೆ ಅದೇ ಜಾಗವನ್ನು ಕೆರೆಯುವ ಈ ನಡವಳಿಕೆ ಬಿಲ ಸಿಗದ ಪ್ರಾಣಿಯದು. ಧಾರವಾಡದ ನಮ್ಮ ಮನೆಗೆ ಮೊದಲ ಜೋಡಿ ಬಂದಾಗ, ಮಾರಿದವರು ಹೇಳಿದಂತೆ ಮೀನಿನ ತೊಟ್ಟಿಯೊಂದರ ತಳದಲ್ಲಿ ಎರಡು ಬೆರಳು ದಪ್ಪ ಕಟ್ಟಿಗೆಯ ಪುಡಿ ಹರಡಿ ಅವನ್ನು ಬಿಟ್ಟಿದ್ದೆ. ಕೆರೆತ ಮೊದಲ ರಾತ್ರಿಯೇ ಶುರುವಾಯಿತು. ಪುಡಿಯನ್ನು ಒಂದು ಗೇಣಿನವರೆಗೆ ಏರಿಸಿದೆ, ಆಗಲೂ ನಿಲ್ಲಲಿಲ್ಲ. ಒಂದು ರಾತ್ರಿ ಬ್ಯಾಟರಿ ಹಿಡಿದು ಕುಳಿತು ನೋಡಿದಾಗ ಕಾರಣ ತಿಳಿಯಿತು. ಜರ್ಬಿಲ್ ತಲೆ ತೂರಿಸಿ ನಾಲ್ಕು ಸಲ ಕೆದರುತ್ತಿತ್ತು, ಹಿಂಗಾಲಿನಿಂದ ಪುಡಿಯನ್ನು ಹಿಂದಕ್ಕೆ ಒದೆಯುತ್ತಿತ್ತು, ಅಷ್ಟರಲ್ಲಿ ಮೇಲಿನ ಪುಡಿ ಸರ್ರನೆ ಜಾರಿ ಗುಂಡಿಯನ್ನು ಮುಚ್ಚಿಬಿಡುತ್ತಿತ್ತು. ಅಗೆಯಲು ಸಾಮಗ್ರಿ ಬೇಕಾದಷ್ಟಿತ್ತು; ಅಗೆದದ್ದು ನಿಲ್ಲುತ್ತಿರಲಿಲ್ಲ.

ಈ ವ್ಯತ್ಯಾಸವನ್ನು ಕ್ರಿಸ್ಟೋಫ್ ವೀಡೆನ್‌ಮೈಯರ್ ಎಂಬ ಸಂಶೋಧಕರು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸ್ಪಷ್ಟವಾಗಿ ತೋರಿಸಿದ್ದಾರೆ. ಅಗೆಯಲು ಒಣ ಮರಳನ್ನು ಕೊಟ್ಟು ಬೆಳೆಸಿದ ಮರಿಗಳು ಮರಳಿದ್ದರೂ ಮೂಲೆ ಕೆರೆಯುವ ಚಟಕ್ಕೆ ಬಿದ್ದವು. ಕೊಳವೆಯೊಂದರ ಮೂಲಕ ಹೊಕ್ಕುವ ಕೃತಕ ಬಿಲವಿದ್ದ ಮರಿಗಳಲ್ಲಿ ಆ ಚಟ ಬೆಳೆಯಲಿಲ್ಲ. ಜರ್ಬಿಲ್‌ಗೆ ಬೇಕಾದದ್ದು ಅಗೆತದ ಕೆಲಸವಲ್ಲ, ಅಗೆತದ ಕೊನೆಯಲ್ಲಿ ಸಿಗುವ ಕತ್ತಲೆಯ ಕೋಣೆ. ಆದ್ದರಿಂದ ಈ ಲೇಖನದಲ್ಲಿ ಆಳಕ್ಕಿಂತ ಹೆಚ್ಚಾಗಿ ನೆಲದ ಹಿಡಿತದ ಬಗ್ಗೆ ಹೇಳುತ್ತೇನೆ.

ಸಾಕುಪ್ರಾಣಿಯಾಗಿ ಸಿಗುವುದು ಮಂಗೋಲಿಯಾದ ಜರ್ಬಿಲ್. ಮಂಗೋಲಿಯಾ ಮತ್ತು ಉತ್ತರ ಚೀನಾದ ಒಣ ಹುಲ್ಲುಗಾವಲು ಇದರ ತವರು. ಚಳಿಗಾಲ ಅಲ್ಲಿ ಕಡುಕ್ರೂರವಾದ್ದರಿಂದ ಮೀಟರಿಗಿಂತ ಆಳದ ಬಿಲಗಳಲ್ಲಿ, ಕಾಳು ಕೂಡಿಟ್ಟುಕೊಂಡು, ಇವು ಕುಟುಂಬವಾಗಿ ಬದುಕುತ್ತವೆ. 1935ರಲ್ಲಿ ಹಿಡಿದು ಜಪಾನಿನ ಪ್ರಯೋಗಾಲಯಕ್ಕೆ ಒಯ್ದ 20 ಜೋಡಿಗಳ ಸಂತತಿಯಿಂದ 11 ಜೋಡಿಗಳನ್ನು 1954ರಲ್ಲಿ ಅಮೆರಿಕಕ್ಕೆ ಕಳುಹಿಸಲಾಯಿತು. ಇಂದು ಮನೆಗಳಲ್ಲಿರುವ ಜರ್ಬಿಲ್‌ಗಳಲ್ಲಿ ಬಹುಪಾಲು ಆ ವಂಶದವು. ಎಷ್ಟೋ ತಲೆಮಾರು ಮಣ್ಣನ್ನೇ ಕಾಣದೆ ಹುಟ್ಟಿ ಬೆಳೆದರೂ ಅಗೆಯುವುದನ್ನು ಇವು ಮರೆತಿಲ್ಲ. ನಮ್ಮ ಕಡೆಯ ಹೊಲದ ಬದುಗಳಲ್ಲಿ ಬಿಲ ಮಾಡುವ ಭಾರತೀಯ ಜರ್ಬಿಲ್ ಬೇರೆಯೇ ಜಾತಿ, ಗಾತ್ರದಲ್ಲೂ ದೊಡ್ಡದು. ಅದನ್ನು ಹಿಡಿದು ತಂದು ಸಾಕುವ ಯೋಚನೆ ಬೇಡ.

ಪೆಟ್ಟಿಗೆ

ಎರಡು ಜರ್ಬಿಲ್‌ಗಳಿಗೆ 90 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ, 60 ಸೆಂ.ಮೀ. ಎತ್ತರದ, ಎಂದರೆ ಮೂರು ಅಡಿ, ಒಂದೂವರೆ ಅಡಿ, ಎರಡು ಅಡಿ ಲೆಕ್ಕದ ಗಾಜಿನ ಪೆಟ್ಟಿಗೆ ಸೂಕ್ತ. ತಂತಿಯ ಪಂಜರ ಪ್ರಯೋಜನಕ್ಕಿಲ್ಲ. ಒಳಗೆ ತುಂಬಿದ ಕಟ್ಟಿಗೆಯ ಹೊಟ್ಟು ಅಗೆದಾಗಲೆಲ್ಲ ಹೊರಗೆ ಬೀಳುತ್ತದೆ, ಪ್ಲಾಸ್ಟಿಕ್ಕಿನ ತಳವನ್ನು ಅವು ಕಡಿದು ತೂತು ಮಾಡುತ್ತವೆ. ಮೀನಿನ ತೊಟ್ಟಿ ಮಾಡಿಕೊಡುವವರಿಗೆ ಅಳತೆ ಹೇಳಿದರೆ ಹುಬ್ಬಳ್ಳಿಯಲ್ಲಾಗಲಿ ಗದಗದಲ್ಲಾಗಲಿ ಕೂಡಿಸಿಕೊಡುತ್ತಾರೆ. ನೀರು ತುಂಬುವುದಿಲ್ಲವೆಂದು ಮೊದಲೇ ತಿಳಿಸಿ, 6 ಮಿ.ಮೀ. ಗಾಜು ಸಾಕೆಂದು ಹೇಳಿ. ಆ ಅಳತೆಯ ಬರಿಯ ಗಾಜೇ ಸುಮಾರು 30 ಕಿಲೋ ತೂಗುತ್ತದೆ; ಹೊಟ್ಟು, ಮಡಿಕೆ, ಮರಳು ಸೇರಿದರೆ 50 ಕಿಲೋ ದಾಟುತ್ತದೆ. ಆದ್ದರಿಂದ ಟಿ.ವಿ. ಮೇಜಿನ ಮೇಲೆ ಇಡುವ ವಿಚಾರ ಬಿಟ್ಟು ಕಬ್ಬಿಣದ ಸ್ಟ್ಯಾಂಡನ್ನೇ ಮಾಡಿಸಿ. ತುಂಬಿದ ಮೇಲೆ ಅದನ್ನು ಸರಿಸಲು ಆಗುವುದಿಲ್ಲವಾದ್ದರಿಂದ ಜಾಗವನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು.

ಜಾಗದ ಬಗ್ಗೆ ಎರಡು ಮಾತು ಸಾಕು. ನೇರ ಬಿಸಿಲು ಬೀಳುವ ಕಿಟಕಿ ಬೇಡ, ಏಕೆಂದರೆ ಗಾಜಿನ ಪೆಟ್ಟಿಗೆ ಅರ್ಧ ಗಂಟೆಯೊಳಗೆ ಒಲೆಯಂತಾಗುತ್ತದೆ. ಅಡುಗೆಮನೆಯ ಪಕ್ಕವೂ ಬೇಡ, ಏಕೆಂದರೆ ಒಗ್ಗರಣೆಯ ಹೊಗೆ ಮತ್ತು ವರ್ಷಕ್ಕೊಮ್ಮೆ ಬ್ಯಾಡಗಿ ಮೆಣಸಿನಕಾಯಿ ಹುರಿದು ಖಾರಪುಡಿ ಮಾಡುವ ದಿನದ ಘಾಟು ನಮಗೇ ತಡೆಯಲಾಗದಿರುವಾಗ ನೂರು ಗ್ರಾಮೂ ತೂಗದ ಪ್ರಾಣಿಯ ಶ್ವಾಸಕೋಶ ತಡೆಯುವುದಿಲ್ಲ.

ಮುಚ್ಚಳ ಕಡ್ಡಾಯ. ಜರ್ಬಿಲ್ ನಿಂತಲ್ಲಿಂದಲೇ ಒಂದು ಅಡಿ ಜಿಗಿಯಬಲ್ಲದು. ಕಟ್ಟಿಗೆಯ ಚೌಕಟ್ಟಿಗೆ 1 ಸೆಂ.ಮೀ.ಗಿಂತ ಸಣ್ಣ ಕಣ್ಣಿನ ಗಟ್ಟಿ ತಂತಿಜಾಳಿ ಹೊಡೆಸಿ, ಚೌಕಟ್ಟು ಗಾಜಿನ ಹೊರಬದಿಗೆ ಇಳಿದು ಕೂರುವಂತೆ ಮಾಡಿಸಬೇಕು. ಒಳಬದಿಗೆ ಕಟ್ಟಿಗೆ ಕಂಡರೆ ಅದು ಅವುಗಳ ಹಲ್ಲಿಗೆ ಆಹಾರ. ನೈಲಾನ್ ಸೊಳ್ಳೆಪರದೆ ಒಂದು ರಾತ್ರಿಯ ಮಾತು. ಹಳೆಯ ಮನೆಗಳಲ್ಲಿ ಹೆಗ್ಗಣ ಮತ್ತು ಬೆಕ್ಕಿನ ಕಾಟ ಎರಡೂ ಇರುವುದರಿಂದ ಮುಚ್ಚಳಕ್ಕೆ ಕೊಂಡಿಯೂ ಬೇಕು.

ಯಾವುದನ್ನು ತುಂಬಬೇಕು, ಯಾವುದನ್ನು ತುಂಬಬಾರದು

ಹೆಚ್ಚಿನವರು ತಪ್ಪುವುದು ಇಲ್ಲಿ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಮ್ಮ ಊರುಗಳಲ್ಲಿ ಪುಕ್ಕಟೆಯಾಗಿ ಸಿಗುವ ಸಾಮಗ್ರಿ ಬಹಳ, ಜರ್ಬಿಲ್‌ಗೆ ಆಗುವುದು ಸ್ವಲ್ಪ.

ಕಟ್ಟಿಗೆ ಕೊಯ್ಯುವ ಮಿಲ್ಲಿನ ನುಣುಪು ಪುಡಿ ಬೇಡ. ಅದು ಮೂಗು, ಕಣ್ಣು, ಶ್ವಾಸನಾಳಕ್ಕೆ ತೊಂದರೆ ಕೊಡುತ್ತದೆ, ನಾನು ಕಂಡಂತೆ ಬಿಲವನ್ನೂ ನಿಲ್ಲಿಸುವುದಿಲ್ಲ. ಬಡಿಗೇರರು ಉಜ್ಜುಗೊರಡು ಹೊಡೆದಾಗ ಸುರುಳಿ ಸುರುಳಿಯಾಗಿ ಬೀಳುವ ಹೊಟ್ಟು ಆಕಾರದಲ್ಲಿ ಸರಿಯಾದದ್ದು, ಆದರೆ ಅದು ಯಾವ ಕಟ್ಟಿಗೆಯದೆಂದು ಕೇಳಬೇಕು. ಸಾಗವಾನಿ ಹೊಟ್ಟು ಉಸಿರಿಗೂ ಚರ್ಮಕ್ಕೂ ಕಿರಿಕಿರಿ ಮಾಡುವಂಥದು. ದೇವದಾರಿನಂತಹ ಘಮಘಮಿಸುವ ಕಟ್ಟಿಗೆಯ ತೈಲಾಂಶವೂ ಒಳ್ಳೆಯದಲ್ಲ. ಪ್ಲೈವುಡ್, ಎಂಡಿಎಫ್ ಹಲಗೆಯ ಹೊಟ್ಟಿನಲ್ಲಿ ಅಂಟು ಇರುತ್ತದೆ. ಒಂದೇ ಕಾರ್ಖಾನೆಯ ನೆಲದ ಮೇಲೆ ಇವೆಲ್ಲ ಬೆರೆತು ಬಿದ್ದಿರುವುದರಿಂದ, ಬಡಿಗೇರರು ಪರಿಚಿತರಾಗಿದ್ದು ಬೇರೆಯಾಗಿ ತೆಗೆದಿಟ್ಟುಕೊಟ್ಟರೆ ಮಾತ್ರ ತನ್ನಿ. ಇಲ್ಲವಾದರೆ ಸಾಕುಪ್ರಾಣಿಗಳಿಗೆಂದೇ ಧೂಳು ತೆಗೆದು, ಭಟ್ಟಿಯಲ್ಲಿ ಒಣಗಿಸಿ, ಒತ್ತಿ ಕಟ್ಟಿ ಮಾರುವ ಆಸ್ಪೆನ್ ಅಥವಾ ಪೈನ್ ಹೊಟ್ಟನ್ನು ತರಿಸಿಕೊಳ್ಳುವುದೇ ಲೇಸು. ದುಬಾರಿಯೆನಿಸಬಹುದು. ಒಮ್ಮೆ ಸರಿಯಾಗಿ ತುಂಬಿದರೆ ತಿಂಗಳುಗಟ್ಟಲೆ ಉಳಿಯುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಿರಿ.

ಹಾವೇರಿ, ಹಾನಗಲ್ಲ ಕಡೆ ಸುಲಭವಾಗಿ ಸಿಗುವ ಭತ್ತದ ಹೊಟ್ಟು ಚೂಪಾದದ್ದು, ಒಂದಕ್ಕೊಂದು ಹಿಡಿಯುವುದೂ ಇಲ್ಲ. ಶೇಂಗಾ ಸಿಪ್ಪೆ ಹಗುರ ಮತ್ತು ಅಗ್ಗ, ಆದರೆ ತೇವ ತಗಲಿದೊಡನೆ ಅದರಲ್ಲಿ ಬೆಳೆಯುವ ಬೂಸ್ಟು ವಿಷಕಾರಿ. ಮಳೆಗಾಲ ನಾಲ್ಕು ತಿಂಗಳಿರುವ ಊರಿನಲ್ಲಿ ಅದನ್ನು ಒಂದಡಿ ಆಳಕ್ಕೆ ಹೂಳುವುದು ಸಲ್ಲದು. ಅರಳೆಯ ನಾಡಿನವರಾದ ನಮಗೆ ಗೂಡಿಗೆ ಒಂದು ಹಿಡಿ ಅರಳೆ ಇಡೋಣವೆಂದು ಸಹಜವಾಗಿ ತೋರುತ್ತದೆ. ಅದನ್ನು ಖಂಡಿತ ಇಡಬಾರದು. ಹತ್ತಿಯ ಎಳೆ ಕಾಲಿಗೆ ಸುತ್ತಿಕೊಂಡು ರಕ್ತಸಂಚಾರ ನಿಲ್ಲುತ್ತದೆ, ನುಂಗಿದರೆ ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ಹಳೆಯ ಬಟ್ಟೆಯ ತುಂಡಿಗೂ ಇದೇ ಮಾತು.

ಮಣ್ಣಿನ ವಿಚಾರವನ್ನು ಎಲ್ಲರೂ ಕೇಳುತ್ತಾರೆ. ನಮ್ಮ ಎರೆ ಮಣ್ಣು ತೇವದಲ್ಲಿ ಉಬ್ಬಿ ಅಂಟಾಗುತ್ತದೆ, ಒಣಗಿದರೆ ಕಲ್ಲಾಗಿ ಸೀಳುತ್ತದೆ. ಉಗುರಿಗೆ ಮೆತ್ತಿಕೊಂಡ ಎರೆಯನ್ನು ಪ್ರಾಣಿ ನೆಕ್ಕಿ ತೆಗೆಯಲಾರದು. ಕೆಂಪು ಮಣ್ಣು ಇದಕ್ಕಿಂತ ವಾಸಿಯಾದರೂ, ಹೊಲದಿಂದ ತಂದ ಯಾವುದೇ ಮಣ್ಣಿನಲ್ಲಿ ಹತ್ತಿಗೂ ಮೆಣಸಿನಕಾಯಿಗೂ ಹೊಡೆದ ಔಷಧಿಯ ಅಂಶವಿರಬಹುದು, ಕಾಡು ಇಲಿಗಳ ಮೂತ್ರದಿಂದ ಇಲಿಜ್ವರದ ರೋಗಾಣುವೂ ಬರಬಹುದು. ಮಣ್ಣು ಇಲ್ಲದೆಯೂ ಉತ್ತಮ ಬಿಲ ನಿಲ್ಲುತ್ತದೆಯಾದ್ದರಿಂದ ಈ ಅಪಾಯವನ್ನು ಏಕೆ ತೆಗೆದುಕೊಳ್ಳಬೇಕು ಎಂಬುದು ನನ್ನ ನಿಲುವು. ತೆಂಗಿನ ನಾರಿನ ಪುಡಿಯೂ ತೇವ ಹಿಡಿದಿಡುವಂಥದು. ಗದಗದ ಒಣಹವೆಯಲ್ಲಿ ಸ್ವಲ್ಪ ಬೆರೆಸಿದರೆ ನಡೆಯಬಹುದು, ಧಾರವಾಡದ ಜಿಟಿಜಿಟಿ ಮಳೆಯಲ್ಲಿ ನಡೆಯುವುದಿಲ್ಲ.

ಹಾಗಾದರೆ ಬೇಕಾದವು ಮೂರು: ಮೇಲೆ ಹೇಳಿದ ಕಟ್ಟಿಗೆಯ ಹೊಟ್ಟು, ಮೆತ್ತನೆಯ ಒಣಹುಲ್ಲು, ಮತ್ತು ರಟ್ಟು. ಹೊಟ್ಟು ಮೈ ತುಂಬುತ್ತದೆ, ಹುಲ್ಲು ಮಣ್ಣಿನ ಗೋಡೆಗೆ ಕಲೆಸುವ ಹುಲ್ಲಿನಂತೆಯೇ ಎಲ್ಲವನ್ನೂ ಹಿಡಿದಿಡುತ್ತದೆ, ರಟ್ಟಿನ ಚೂರುಗಳು ನಡುನಡುವೆ ಹಲಗೆಯಂತೆ ನಿಂತು ಛಾವಣಿಯನ್ನು ಹೊರುತ್ತವೆ. ಹುಲ್ಲಿಗೆ ಒಣಗಿದ ಕರಡವಾದರೆ ಚೆನ್ನ. ಔಷಧಿ ಹೊಡೆದ ಹೊಲದ ಬದುವಿನಿಂದ ಮಾತ್ರ ತರಬಾರದು. ತಂದದ್ದನ್ನು ಕೊಡವಿ, ಎರಡು ದಿನ ಬಿಸಿಲಿಗೆ ಹಾಕಿ, ಅನಂತರ ಚೀಲದಲ್ಲಿ ಕಟ್ಟಿ ಫ್ರಿಜ್ಜಿನ ಮಂಜುಗಡ್ಡೆಯ ಖಾನೆಯಲ್ಲಿ 48 ಗಂಟೆ ಇಟ್ಟರೆ ಹೇನು ಉಣ್ಣೆಗಳ ಭಯ ಬಹುಮಟ್ಟಿಗೆ ಕಡಿಮೆಯಾಗುತ್ತದೆ. ರಟ್ಟಿಗೆ ತತ್ತಿಯ ಟ್ರೇ ಅತ್ಯುತ್ತಮ, ಅದರಲ್ಲಿ ಹೊಲಸು ಹತ್ತಿರದಿದ್ದರೆ ಸಾಕು. ಬಣ್ಣದ ಮುದ್ರಣ, ಮೇಣದ ಹೊಳಪು, ಟೇಪು, ಪಿನ್ನು ಇರುವ ರಟ್ಟು ಬೇಡ. ಇನ್ನೊಂದು ಅನುಕೂಲ ಹುಬ್ಬಳ್ಳಿಯವರಿಗಿದೆ: ಜವಳಿ ಸಾಲಿನ ಅಂಗಡಿಗಳಲ್ಲಿ ಬಟ್ಟೆಯ ಥಾನು ಸುತ್ತಿ ಬರುವ ದಪ್ಪ ರಟ್ಟಿನ ಕೊಳವೆಗಳನ್ನು ಕೇಳಿದರೆ ಕೊಡುತ್ತಾರೆ. ಒಳವ್ಯಾಸ 5 ಸೆಂ.ಮೀ.ಗಿಂತ ಕಡಿಮೆಯಿಲ್ಲದ್ದನ್ನು ಆರಿಸಿಕೊಳ್ಳಿ. ಕಾಳು ತಿಂದು ದುಂಡಗಾದ ಜರ್ಬಿಲ್ ಸಣ್ಣ ಕೊಳವೆಯಲ್ಲಿ ಸಿಕ್ಕಿಕೊಳ್ಳಬಹುದು.

ಪ್ರಮಾಣದ ಲೆಕ್ಕ ಹೀಗಿದೆ. ಮೇಲಿನ ಪೆಟ್ಟಿಗೆಯಲ್ಲಿ ಸರಾಸರಿ 30 ಸೆಂ.ಮೀ. ಆಳ ಬರಬೇಕಾದರೆ 90, 45 ಮತ್ತು 30ನ್ನು ಗುಣಿಸಿದಾಗ ಸಿಗುವ ಸುಮಾರು 120 ಲೀಟರಿನಷ್ಟು ಒತ್ತಿದ ಹೊಟ್ಟು ಬೇಕು. ಒತ್ತಿದಾಗ ಅದು ಕುಗ್ಗುವುದರಿಂದ ಸಡಿಲವಾಗಿರುವಾಗ ಅದರ ಒಂದೂವರೆ ಪಟ್ಟು, ಎಂದರೆ 180 ಲೀಟರಿನಷ್ಟು ಕೈಯಲ್ಲಿರಲಿ. ಅದರಲ್ಲಿ ಮೂರು ಪಾಲು ಹೊಟ್ಟು, ಒಂದು ಪಾಲು ಹುಲ್ಲು; ರಟ್ಟಿಗೆ ಅಳತೆಯಿಲ್ಲ, ಏಳೆಂಟು ತತ್ತಿ ಟ್ರೇಗಳನ್ನು ಅಂಗೈ ಅಗಲಕ್ಕೆ ಹರಿದರೆ ಸಾಕಾಗುತ್ತದೆ.

ಭಾರದ್ದೆಲ್ಲ ಮೊದಲು

ಹೊಟ್ಟು ತುಂಬುವ ಮುಂಚೆಯೇ ಭಾರದ ವಸ್ತುಗಳ ಜಾಗ ಗೊತ್ತಾಗಬೇಕು. ಓಡುವ ಚಕ್ರ, ಮರಳಿನ ತಟ್ಟೆ, ಕಲ್ಲು, ನೀರಿನ ಬಟ್ಟಲು, ಇವುಗಳಲ್ಲಿ ಯಾವುದನ್ನೂ ಹೊಟ್ಟಿನ ಮೇಲೆ ನೇರವಾಗಿ ಇಡಬಾರದು. ಜರ್ಬಿಲ್ ಅದರ ಅಡಿಯಲ್ಲೇ ಸುರಂಗ ತೋಡುತ್ತದೆ, ಕಲ್ಲು ಕುಸಿಯುತ್ತದೆ, ಅಡಿಯಲ್ಲಿ ಸಿಕ್ಕಿದ ಪ್ರಾಣಿ ಸಾಯುತ್ತದೆ. ನಮ್ಮಲ್ಲಿ ಅಷ್ಟಾಗಲಿಲ್ಲ, ಆದರೆ ಒಂದು ಬೆಳಗ್ಗೆ ಅರ್ಧ ಕಿಲೋದ ಚಪ್ಪಟೆ ಕಲ್ಲೊಂದು ಗೇಣಿನಷ್ಟು ಕೆಳಗಿಳಿದು ಗಾಜಿಗೆ ಒರಗಿ ನಿಂತಿದ್ದನ್ನು ಕಂಡು ಕೈ ನಡುಗಿತ್ತು. ಎರಡೂ ಜೀವಗಳು ಇನ್ನೊಂದು ತುದಿಯಲ್ಲಿ ಮಲಗಿದ್ದುದು ನಮ್ಮ ಪುಣ್ಯ.

ಉಪಾಯ ಸರಳವಾಗಿದೆ. ಪೆಟ್ಟಿಗೆಯ ಒಂದು ತುದಿಯಲ್ಲಿ, ತಳದ ಗಾಜಿನ ಮೇಲೆಯೇ ನಾಲ್ಕು ಗಟ್ಟಿ ಕಾಲುಗಳಿರುವ ಕಟ್ಟಿಗೆಯ ಮಣೆಯೊಂದನ್ನು ನಿಲ್ಲಿಸಿ. ಹೊಟ್ಟು ಅದರ ಅಡಿಯಲ್ಲೂ ಸುತ್ತಲೂ ತುಂಬಿಕೊಳ್ಳುತ್ತದೆ, ಮಣೆಯ ಭಾರವನ್ನು ಮಾತ್ರ ಗಾಜಿನ ತಳವೇ ಹೊರುತ್ತದೆ. ಆ ಬದಿಯಲ್ಲಿ ಹೊಟ್ಟಿನ ಆಳ 20 ಸೆಂ.ಮೀ. ಇರಲಿ, ಎದುರಿನ ತುದಿಯಲ್ಲಿ 40 ಸೆಂ.ಮೀ. ಇರಲಿ, ನಡುವೆ ಇಳಿಜಾರು ತಾನಾಗಿ ಆಗುತ್ತದೆ. ಆಳದ ಬದಿಯಲ್ಲಿಯೂ ಮುಚ್ಚಳದವರೆಗೆ 20 ಸೆಂ.ಮೀ. ಗಾಳಿ ಉಳಿಯುತ್ತದೆ. ಚಕ್ರ ಇಡುವುದಾದರೆ ಅದರ ವ್ಯಾಸ 28 ಸೆಂ.ಮೀ.ನಷ್ಟಿರಬೇಕು, ಮೈ ಮುಚ್ಚಿದ್ದಾಗಿರಬೇಕು. ಕಂಬಿಕಂಬಿಯ ಚಕ್ರದಲ್ಲಿ ಕಾಲು ಮತ್ತು ಬಾಲ ಸಿಕ್ಕುತ್ತವೆ. ಅಷ್ಟು ದೊಡ್ಡ ಚಕ್ರಕ್ಕೆ ಮಣೆಯ ಮೇಲೆ ಎತ್ತರ ಸಾಲುತ್ತದೆಯೇ ಎಂದು ತುಂಬುವ ಮೊದಲೇ ಅಳೆದು ನೋಡಿ.

ಪದರಗಳು ಮತ್ತು ಲಟ್ಟಣಿಗೆಯ ಪರೀಕ್ಷೆ

ಆಳದ ಬದಿಯ ತಳದಲ್ಲಿ ಮೊದಲು ಗೂಡಿನ ಕೋಣೆಯನ್ನು ಇಡಬೇಕು. ಕುಂಬಾರರ ಸಣ್ಣ ಮಣ್ಣಿನ ಮಗಿಯೊಂದು ಇದಕ್ಕೆ ಹೇಳಿ ಮಾಡಿಸಿದಂತಿದೆ. ಬಣ್ಣ ಹಚ್ಚದ, ಬಾಯಿ 6 ಸೆಂ.ಮೀ.ಗಿಂತ ಅಗಲವಿರುವ, ಒಳಗೆ ಎರಡು ಜರ್ಬಿಲ್ ಮೈ ಮುದುರಿ ಮಲಗಬಹುದಾದ ಗಾತ್ರದ್ದನ್ನು ತನ್ನಿ. ಅದನ್ನು ಅಡ್ಡ ಮಲಗಿಸಿ, ತಳದ ಗಾಜಿಗೆ ತಾಗುವಂತೆ ಇಟ್ಟು, ಬಾಯಿಗೆ ಥಾನಿನ ರಟ್ಟಿನ ಕೊಳವೆಯ ಒಂದು ತುದಿಯನ್ನು ಹೊಂದಿಸಿ. ಕೊಳವೆ ಓರೆಯಾಗಿ ಮೇಲೇರಿ, ಇನ್ನೊಂದು ತುದಿ ಹೊಟ್ಟಿನ ಮೇಲ್ಮೈಗೆ ಬರಬೇಕು. ಬೆಳಕು ನೇರವಾಗಿ ಕೋಣೆಗೆ ಬೀಳದಂತೆ ಕೊಳವೆಯ ನಡುವೆ ಒಂದು ತಿರುವು ಕೊಟ್ಟರೆ ಇನ್ನೂ ಉತ್ತಮ. ಮುಂದೆ ಅವು ಕೊಳವೆಯನ್ನು ಕಡಿದು ಚೂರು ಮಾಡುತ್ತವೆ, ಮಾಡಲಿ. ಅಷ್ಟರೊಳಗೆ ಅದರ ಸುತ್ತಲಿನ ಹೊಟ್ಟು ಗಟ್ಟಿಯಾಗಿ ಸುರಂಗ ತಾನೇ ನಿಂತಿರುತ್ತದೆ, ಚೂರುಗಳು ಗೂಡಿನ ಹಾಸಿಗೆಯಾಗುತ್ತವೆ. ಮೊದಲ ದಿನದಿಂದಲೇ ಸಿದ್ಧವಾದ ಒಂದು ಬಿಲ ಇರಬೇಕೆಂಬುದೇ ಇಲ್ಲಿನ ಉದ್ದೇಶ. ಉಳಿದದ್ದನ್ನು ಅವು ತಮಗೆ ಬೇಕಾದಂತೆ ಅಗೆದುಕೊಳ್ಳುತ್ತವೆ.

ಇನ್ನು ಪದರಗಳು. ಹೊಟ್ಟು ಮತ್ತು ಹುಲ್ಲನ್ನು ದೊಡ್ಡ ಬುಟ್ಟಿಯಲ್ಲಿ ಕಲಸಿಕೊಂಡು, ನಾಲ್ಕು ಬೆರಳು ದಪ್ಪ ಹರಡಿ, ಎರಡೂ ಅಂಗೈ ಊರಿ ಮೈಭಾರ ಬಿಟ್ಟು ಒತ್ತಿ. ಅದರ ಮೇಲೆ ತತ್ತಿ ಟ್ರೇಯ ಹರಕುಗಳನ್ನು ಒಂದಕ್ಕೊಂದು ಅರ್ಧ ಮುಚ್ಚುವಂತೆ ಹಾಸಿ. ಮತ್ತೆ ನಾಲ್ಕು ಬೆರಳು ಹೊಟ್ಟು, ಮತ್ತೆ ಒತ್ತು. ಮೂರನೆಯ ಪದರದ ನಂತರ ಹುಲ್ಲನ್ನು ಮಾತ್ರ ತೆಳುವಾಗಿ ಉದ್ದುದ್ದ ಹಾಸಿದರೆ ಅದು ಜಂತಿಯ ಕೆಲಸ ಮಾಡುತ್ತದೆ. ತೀರ ಒಣಗಿ ಜಾರುತ್ತಿದ್ದರೆ ಕೈಯಿಂದ ನೀರು ಚಿಮುಕಿಸಿ ಒತ್ತಬಹುದು, ಆದರೆ ಹಾಗೆ ಮಾಡಿದ ಪೆಟ್ಟಿಗೆಯನ್ನು ಎರಡು ಮೂರು ದಿನ ತೆರೆದಿಟ್ಟು ಪೂರ್ತಿ ಒಣಗಿದ ಮೇಲೆಯೇ ಪ್ರಾಣಿಗಳನ್ನು ಬಿಡಬೇಕು. ಮಳೆಗಾಲದಲ್ಲಿ ನೀರಿನ ತಂಟೆಗೇ ಹೋಗಬೇಡಿ.

ಅರ್ಧ ತುಂಬಿದಾಗ ಒಮ್ಮೆ, ಪೂರ್ತಿ ತುಂಬಿದಾಗ ಇನ್ನೊಮ್ಮೆ ಹಿಡಿತವನ್ನು ಪರೀಕ್ಷಿಸಬೇಕು. ನಾನು ಇದಕ್ಕೆ ಲಟ್ಟಣಿಗೆಯನ್ನು ಬಳಸುತ್ತೇನೆ. ಅಡುಗೆಮನೆಯವರಿಗೆ ಹೇಳದೆ ಒಯ್ಯುವುದಕ್ಕಿಂತ ಇದಕ್ಕೆಂದೇ ಒಂದು ಹಳೆಯದನ್ನು ಬೇರೆ ಇಟ್ಟುಕೊಳ್ಳುವುದು ಮನೆಯ ಶಾಂತಿಗೆ ಒಳ್ಳೆಯದು. ಲಟ್ಟಣಿಗೆಯನ್ನು ಓರೆಯಾಗಿ, ತಿರುಗಿಸುತ್ತ ತಿರುಗಿಸುತ್ತ ಒಂದು ಗೇಣು ಒಳಗೆ ತಳ್ಳಿ, ನಿಧಾನವಾಗಿ ಹೊರಗೆಳೆಯಿರಿ. ರಂಧ್ರ ಹಾಗೆಯೇ ನಿಂತು, ಒಳಗೆ ಬ್ಯಾಟರಿ ಹಾಕಿದಾಗ ಗೋಡೆಯಲ್ಲಿ ಹುಲ್ಲಿನ ತುದಿಗಳು ಹೆಣೆದುಕೊಂಡಿರುವುದು ಕಂಡರೆ ನೆಲ ಸರಿಯಾಗಿದೆ. ಲಟ್ಟಣಿಗೆ ಹೊರಬರುತ್ತಲೇ ಬಾಯಿ ಮುಚ್ಚಿಕೊಂಡರೆ ಹುಲ್ಲು ಕಡಿಮೆಯಾಗಿದೆ ಅಥವಾ ಒತ್ತಿದ್ದು ಸಾಲದು. ಲಟ್ಟಣಿಗೆ ಒಳಗೇ ಹೋಗದಿದ್ದರೆ ಅತಿಯಾಗಿ ಒತ್ತಿದ್ದೀರಿ. ರಂಧ್ರ ನಿಂತಿದ್ದರೆ ಅದನ್ನು ಮುಚ್ಚಬೇಡಿ. ನಾನು ಹಾಗೆ ಬಿಟ್ಟ ರಂಧ್ರಗಳಿಂದಲೇ ನಮ್ಮ ಜೋಡಿ ಅಗೆತ ಶುರುಮಾಡಿದ್ದನ್ನು ಪ್ರತಿಸಲವೂ ಕಂಡಿದ್ದೇನೆ.

ಮರಳು ಮತ್ತು ನೀರು

ಜರ್ಬಿಲ್ ನೀರಿನಲ್ಲಿ ಮೀಯುವುದಿಲ್ಲ, ಮರಳಿನಲ್ಲಿ ಹೊರಳಿ ಮೈಯ ಜಿಡ್ಡು ತೆಗೆದುಕೊಳ್ಳುತ್ತದೆ. ಮಣೆಯ ಮೇಲೆ ಅಗಲವಾದ ಮಣ್ಣಿನ ತಟ್ಟೆಯಲ್ಲಿ ಮೂರು ಬೆರಳು ಮರಳು ಸಾಕು. ಕಟ್ಟಡಕ್ಕೆ ಬಳಸುವ ಎಂ-ಸ್ಯಾಂಡ್ ಕಲ್ಲನ್ನು ಪುಡಿ ಮಾಡಿದ್ದು, ಅಂಚು ಚೂಪು, ಧೂಳು ಬಹಳ, ಅದು ಬೇಡ. ಹೊಳೆಯ ಮರಳನ್ನು ಜರಡಿ ಹಿಡಿದು, ನೀರು ತಿಳಿಯಾಗುವವರೆಗೆ ಏಳೆಂಟು ಸಲ ತೊಳೆದು, ಬಿಸಿಲಿಗೆ ಒಣಗಿಸಿ, ಕಬ್ಬಿಣದ ಬಾಣಲೆಯಲ್ಲಿ ಹುರಿದು ಆರಿಸಿದರೆ ಶುದ್ಧವಾಗುತ್ತದೆ. ಶೇಂಗಾ ಹುರಿದ ಮರಳನ್ನು ತರುವ ಸುಲಭದ ದಾರಿಯನ್ನು ಒಬ್ಬರು ನನಗೆ ಸೂಚಿಸಿದ್ದರು. ಅದರಲ್ಲಿ ಉಪ್ಪು ಮತ್ತು ಕರಕು ಇರುವುದರಿಂದ ಅದು ಆಗದು. ಟಾಲ್ಕಂ ಪುಡಿಯಂತಹ ಯಾವ ಪುಡಿಯೂ ಆಗದು.

ನೀರಿನ ಶೀಶೆಯನ್ನು ಮಣೆಯ ಬದಿಗೆ, ಹೊಟ್ಟಿಗಿಂತ ನಾಲ್ಕೈದು ಬೆರಳು ಮೇಲೆ ತೂಗುಹಾಕಬೇಕು. ಅಗೆದ ಹೊಟ್ಟು ಗುಡ್ಡೆಯಾಗಿ ನಳಿಕೆಯ ತುದಿಗೆ ತಾಗಿದರೆ ರಾತ್ರಿಯೊಳಗೆ ಶೀಶೆಯ ನೀರೆಲ್ಲ ಹೊಟ್ಟಿಗೆ ಇಳಿದು ಬಿಲಕ್ಕೆ ಪ್ರವಾಹ ಬರುತ್ತದೆ. ಪ್ರತಿ ಬೆಳಗ್ಗೆ ಮೊದಲು ನೋಡಬೇಕಾದದ್ದು ಇದನ್ನೇ.

ಬಿಡುವುದು

ಒಂಟಿ ಜರ್ಬಿಲ್ ಸೊರಗುತ್ತದೆ. ಒಟ್ಟಿಗೆ ಬೆಳೆದ, ಒಂದೇ ಲಿಂಗದ ಜೋಡಿ ತನ್ನಿ. ಗಂಡು ಹೆಣ್ಣು ಕೂಡಿದರೆ ಗರ್ಭದ ಅವಧಿ 24ರಿಂದ 26 ದಿನ ಮಾತ್ರ, ಲೆಕ್ಕ ನೀವೇ ಹಾಕಿ. ಅಪರಿಚಿತವಾದ ಎರಡನ್ನು ಒಂದೇ ಪೆಟ್ಟಿಗೆಗೆ ಹಾಕಿದರೆ ಸಾಯುವವರೆಗೆ ಕಾದಾಡುತ್ತವೆ. ಎತ್ತುವಾಗ ಬಾಲ ಹಿಡಿಯಬಾರದು, ಬಾಲದ ಚರ್ಮ ಕಳಚಿ ಕೈಗೆ ಬರುತ್ತದೆ, ಮತ್ತೆ ಬೆಳೆಯುವುದಿಲ್ಲ. ಹೊಸ ಜಾಗದಲ್ಲಿ ಕೆಲವಕ್ಕೆ ಮೂರ್ಛೆ ಬರುವುದುಂಟು. ಆಗ ಮುಟ್ಟದೆ, ದೀಪ ಆರಿಸಿ, ಸದ್ದು ಮಾಡದೆ ಬಿಟ್ಟರೆ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಚೇತರಿಸಿಕೊಳ್ಳುತ್ತವೆ.

ಬಿಟ್ಟ ದಿನ ಬಟ್ಟಲಿನಲ್ಲಿ ಕಾಳು ಇಡಬೇಡಿ. ನವಣೆ, ಸಜ್ಜೆ, ಸ್ವಲ್ಪ ಜೋಳವನ್ನು ಹೊಟ್ಟಿನ ಮೇಲೆ ಚೆಲ್ಲಿ ಬೆರಳಿನಿಂದ ಒಳಗೆ ಸರಿಸಿದರೆ ಹುಡುಕುತ್ತ ಅಗೆಯುತ್ತವೆ. ಸೂರ್ಯಕಾಂತಿ ಬೀಜ ದಿನಕ್ಕೆ ಎರಡು ಮೂರು ಸಾಕು. ಸೌತೆ, ಗಜ್ಜರಿಯಂತಹ ಹಸಿ ಪದಾರ್ಥವನ್ನು ಎದುರಿಗೇ ತಿನ್ನಿಸಿ, ಉಳಿದದ್ದನ್ನು ತೆಗೆದುಬಿಡಿ. ಬಿಲಕ್ಕೆ ಒಯ್ದರೆ ಅಲ್ಲಿಯೇ ಕೊಳೆಯುತ್ತದೆ. ಹಿಂಗಾಲಿನಿಂದ ನೆಲವನ್ನು ಡಬ್ ಡಬ್ ಎಂದು ಬಡಿಯುವುದು ಕೇಳಿದರೆ ಅದು ಅಪಾಯದ ಎಚ್ಚರಿಕೆ; ಬೆಕ್ಕು ಒಳಗೆ ಬಂದಿದೆಯೇ ನೋಡಿ.

ಏಪ್ರಿಲ್ ಮತ್ತು ಆರಿದ್ರಾ

ಜರ್ಬಿಲ್‌ಗೆ ಹಿತವಾದ ಉಷ್ಣತೆ 20ರಿಂದ 24 ಡಿಗ್ರಿ. 30 ದಾಟಿದರೆ ಕಷ್ಟ. ನಮ್ಮಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನಗಳು 37 ಡಿಗ್ರಿಯ ಆಸುಪಾಸಿಗೆ ಹೋಗುತ್ತವೆ. ಆಳದ ಬಿಲ ಆಗ ಅವುಗಳ ಆಸರೆ: ಮೇಲ್ಮೈಗಿಂತ ತಳದಲ್ಲಿ ಬಿಸಿ ನಿಧಾನವಾಗಿ ಏರುತ್ತದೆ. ಆದರೂ ಆರ್‌ಸಿಸಿ ಮನೆಯ ಮೇಲಂತಸ್ತಿನಲ್ಲಿ ಇಟ್ಟಿದ್ದರೆ ಮಾರ್ಚ್ ಮುಗಿಯುವುದರೊಳಗೆ, ಅರ್ಧ ಖಾಲಿ ಮಾಡಿಯಾದರೂ, ಕೆಳಮನೆಗೆ ಇಳಿಸಬೇಕು. ಮಣ್ಣಿನ ಮಾಳಿಗೆಯ ಹಳೆಯ ಮನೆಯಿದ್ದವರು ಅದೃಷ್ಟವಂತರು. ಮಣೆಯ ಮೇಲೆ ಶಹಾಬಾದ್ ಫರಸಿಯ ಒಂದು ತುಂಡು ಇಟ್ಟರೆ ಅದರ ಮೇಲೆ ಹೊಟ್ಟೆ ಚಾಚಿ ಮಲಗುತ್ತವೆ. ಕರೆಂಟು ಹೋದ ಮಧ್ಯಾಹ್ನಗಳಲ್ಲಿ ಹೆಪ್ಪುಗಟ್ಟಿಸಿದ ನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಗಾಜಿನ ಹೊರಬದಿಗೆ, ಗೂಡಿರುವ ಕಡೆ ಒರಗಿಸಿ. ನೀರು ಹಾಕುವ ಏರ್‌ಕೂಲರ್ ಆ ಕೋಣೆಯಲ್ಲಿ ಬೇಡ, ಅದು ತೇವವನ್ನು ಏರಿಸುತ್ತದೆ.

ತೇವ ಬಿಸಿಲಿಗಿಂತ ಕಪಟಿ. ಗಾಳಿಯ ತೇವಾಂಶ ಶೇ 50 ದಾಟಿದಾಗ ಜರ್ಬಿಲ್‌ನ ರೋಮ ನಿಗುರಿ, ಎಣ್ಣೆ ಹಚ್ಚಿದಂತೆ ಜಡೆಗಟ್ಟುತ್ತದೆ. ಮೂಗಿನ ಸುತ್ತ ಕೆಂಪು ಕಲೆ, ಕೂದಲು ಉದುರುವಿಕೆ ಕಾಣಿಸಿದರೆ ತೇವ ಅಥವಾ ಒರಟು ಹೊಟ್ಟು ಕಾರಣವಿರಬಹುದು. ಸಣ್ಣ ಪ್ರಾಣಿಗಳನ್ನು ನೋಡುವ ಪಶುವೈದ್ಯರು ಯಾರೆಂದು ಮೊದಲೇ ವಿಚಾರಿಸಿಟ್ಟುಕೊಂಡಿರಿ. ಮಿರಗ ಕೂಡಿ ಆರಿದ್ರಾ, ಪುನರ್ವಸು ಮಳೆ ಮುಗಿಯುವವರೆಗೆ ಧಾರವಾಡದಲ್ಲಿ ಗೋಡೆಯೇ ಬೆವರುವಾಗ ಶೇ 50ರ ಮಾತು ಕನಸು, ಆದರೆ ಹಾನಿ ತಗ್ಗಿಸಬಹುದು. ಪೆಟ್ಟಿಗೆಯನ್ನು ಹೊರಗೋಡೆಯಿಂದ ಒಂದು ಅಡಿ ದೂರವಿಡಿ, ಫ್ಯಾನಿನ ಗಾಳಿ ಕೋಣೆಯಲ್ಲಿ ಆಡುತ್ತಿರಲಿ, ಮರಳನ್ನು ದಿನ ಬಿಟ್ಟು ದಿನ ಬಾಣಲೆಯಲ್ಲಿ ಬಿಸಿ ಮಾಡಿ ಆರಿಸಿ ಹಾಕಿ, ಒದ್ದೆ ಬಟ್ಟೆ ಹರವುವ ಹಗ್ಗವನ್ನು ಆ ಕೋಣೆಯಿಂದ ತೆಗೆಯಿರಿ. ತೇವ ತೋರಿಸುವ ಸಣ್ಣ ಡಿಜಿಟಲ್ ಮಾಪಕವೊಂದು ಇದ್ದರೆ ಅಂದಾಜಿನ ಮೇಲೆ ನಡೆಯುವುದು ತಪ್ಪುತ್ತದೆ. ಈ ದಿನಗಳಲ್ಲಿ ಇರುವೆಗಳೂ ಕಾಳಿನ ಜಾಡು ಹಿಡಿಯುತ್ತವೆ. ಹಾಲಿನ ಕಪಾಟಿಗೆ ಮಾಡುವಂತೆ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಿನಲ್ಲಿ ನಿಲ್ಲಿಸಿ, ಇರುವೆ ಪುಡಿ ಮಾತ್ರ ಹತ್ತಿರ ತರಬೇಡಿ.

ಕೀಳುವುದು ಎಷ್ಟು, ಬಿಡುವುದು ಎಷ್ಟು

ವಾರಕ್ಕೊಮ್ಮೆ ಎಲ್ಲವನ್ನೂ ಚೆಲ್ಲಿ ಹೊಸದು ತುಂಬುವ ಹುಮ್ಮಸ್ಸು ಬೇಡ. ಒಣನಾಡಿನ ಪ್ರಾಣಿಯಾದ್ದರಿಂದ ಇದರ ಮೂತ್ರ ಬಹಳ ಕಡಿಮೆ, ವಾಸನೆಯೂ ಕಡಿಮೆ. ಪ್ರತಿದಿನ ಒದ್ದೆಯಾದ ಮೂಲೆಯಿಂದ ಒಂದು ಹಿಡಿ ತೆಗೆದು, ಮರಳನ್ನು ಜರಡಿ ಹಿಡಿದರೆ ಮುಗಿಯಿತು. ಎರಡು ಮೂರು ತಿಂಗಳಿಗೊಮ್ಮೆ ಮೂರನೆಯ ಒಂದು ಪಾಲನ್ನು, ಗೂಡಿಲ್ಲದ ಬದಿಯಿಂದ, ತೆಗೆದು ಹೊಸದನ್ನು ಹಳೆಯದರೊಡನೆ ಬೆರೆಸಿ ಒತ್ತಿ. ಪೂರ್ತಿ ಬದಲಿಸಿದರೆ ತಮ್ಮದೇ ವಾಸನೆ ಅಳಿದುಹೋಗಿ, ಜೊತೆಗೆ ಬೆಳೆದ ಜೋಡಿಯೂ ಕಾದಾಟಕ್ಕೆ ಇಳಿಯಬಹುದು. ಬೂಸ್ಟು ಅಥವಾ ಹುಳ ಕಂಡಾಗ ಮಾತ್ರ ಪೂರ್ತಿ ಬದಲಿಸಿ, ಆಗಲೂ ಒಳ್ಳೆಯ ಒಣ ಹೊಟ್ಟನ್ನು ಎರಡು ಬೊಗಸೆ ಉಳಿಸಿಕೊಂಡು ಹೊಸದಕ್ಕೆ ಸೇರಿಸಿ.

ಬಿಲದ ಬಾಯಿಯನ್ನು ಒಳಗಿನಿಂದ ಹುಲ್ಲು ತುರುಕಿ ಮುಚ್ಚಿಕೊಂಡು ಅರ್ಧ ದಿನ ಕಾಣದೆ ಹೋಗುವುದು ಇವುಗಳಲ್ಲಿ ಸಹಜ. ಸತ್ತಿವೆಯೇನೋ ಎಂದು ಗಾಬರಿಯಾಗಿ ಬಿಲ ಕೆದರಿದರೆ ವಾರದ ಕೆಲಸವೆಲ್ಲ ಕುಸಿಯುತ್ತದೆ. ಮಲಗುವ ಮುಂಚೆ ಮುಚ್ಚಿದ ಬಾಯಿಯ ಮುಂದೆ ನಾಲ್ಕು ಸೂರ್ಯಕಾಂತಿ ಬೀಜ ಎಣಿಸಿ ಇಡಿ. ಬೆಳಗ್ಗೆ ಅವು ಇಲ್ಲದಿದ್ದರೆ ಅಥವಾ ಸಿಪ್ಪೆ ಬಿದ್ದಿದ್ದರೆ ಒಳಗೆ ಎಲ್ಲವೂ ಸರಿಯಾಗಿದೆ. ಬೀಜ ಹಾಗೆಯೇ ಉಳಿದಿದ್ದರೆ ಮಾತ್ರ ಒಂದು ಬದಿಯಿಂದ, ಬರಿಗೈಯಲ್ಲಿ, ಪದರ ಪದರವಾಗಿ ಬಿಡಿಸುತ್ತ ಗೂಡಿನವರೆಗೆ ಹೋಗಿ ನೋಡಿ.